ಬೆಂದಿಲ್ಲ, ಇನ್ನೊಂದು ಹಾಕು

ನನ್ನ ಅಪ್ಪನನ್ನು ನೋಡಿ ಎರಡು ತಾಲ್ಲೂಕಿನ ಜನ ನಕ್ಕರು. ನಗಲಿ ಅಂತಲೇ ನಾನು ಬರೆದದ್ದು, ಅದಕ್ಕೆ ಬೇಜಾರಿಲ್ಲ. ನಕ್ಕು ಬಾಯಿ ಒರೆಸಿಕೊಂಡ ಮೇಲೆ ನನ್ನ ಕೈಲಿ ತಪ್ಪಾಯಿತು ಅನ್ನಿಸಬೇಕೆಂದು ಹೊರಟರಲ್ಲ, ಅಲ್ಲಿ ನನಗೆ ಹಟ ಬಂತು. ಆ ಹಟ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಉದ್ದೇಶವೂ ಇಲ್ಲ.

ನಂಜನಗೂಡಿನ ಒಂದು ಶಾಲೆಯಲ್ಲಿ ನಾನು ಡ್ರಾಯಿಂಗ್ ಟೀಚರ್. ತವರು ನರಸೀಪುರದ ಕಡೆ, ಹೆಮ್ಮಿಗೆಯ ಹತ್ತಿರ, ನಾಲೆ ಪಕ್ಕದ ಹಳ್ಳಿ. ಭತ್ತದ ಗದ್ದೆ, ಡೇರಿಗೆ ಹಾಲು ಹಾಕುವ ಮನೆ. ಮಕ್ಕಳಿಗೆ ಮಾವಿನಕಾಯಿ, ಹೂದಾನಿ ಬರೆಸಿ ಬರೆಸಿ ಸಾಕಾದಾಗ ಬೋರ್ಡಿನ ಮೂಲೆಯಲ್ಲಿ ಒಬ್ಬ ಬೀಗನನ್ನು ಬರೆಯುತ್ತಿದ್ದೆ. ದೊಡ್ಡ ತಲೆ, ಗುಂಗುರು ಮೀಸೆ, ಸಣ್ಣ ಕಾಲು, ಹೆಗಲ ಮೇಲೆ ನೆಲ ಗುಡಿಸುವಷ್ಟು ಉದ್ದದ ಟವೆಲ್ಲು. ಮಕ್ಕಳು ಪಾಠಕ್ಕಿಂತ ಅವನಿಗೇ ಕಾಯುತ್ತಿದ್ದರು. ಬೋರ್ಡಿನಿಂದ ಅವನು ಕಾಗದಕ್ಕೆ ಇಳಿದ, ಕಾಗದದಿಂದ ಪುಸ್ತಕವಾದ. ಮೈಸೂರಿನ ಒಬ್ಬ ಸಣ್ಣ ಪ್ರಕಾಶಕರು ಅಚ್ಚು ಹಾಕಿದರು. ಕಾಮಿಕ್ಸ್ ಅಂದರೆ ಮಕ್ಕಳಾಟ ಅನ್ನುತ್ತಿದ್ದ ನಮ್ಮ ಸ್ಟಾಫ್ ರೂಮಿನವರು ಅದನ್ನು ಮೇಜಿನ ಕೆಳಗಿಟ್ಟುಕೊಂಡು ಓದಿದರು.

ಕಥೆ ಇಷ್ಟೇ. ಈ ಬೀಗ ಸುತ್ತಮುತ್ತಲ ಒಂದು ಬೀಗರೂಟವನ್ನೂ ಬಿಡುವುದಿಲ್ಲ. ಮದುವೆ ಮುಗಿದು ಎರಡೂ ಕಡೆಯವರು ಸೇರಿ ಉಣ್ಣುವ ಆ ಬಾಡೂಟದಲ್ಲಿ ಮೊದಲ ಪಂಕ್ತಿಯ ಮೊದಲ ಎಲೆ ಇವನದು. ಎಲೆಗೆ ಬಿದ್ದ ತುಂಡನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು, "ಇದ್ ಬೆಂದಿಲ್ಲ, ಇನ್ನೊಂದ್ ಆಕು" ಅನ್ನುತ್ತಾನೆ. ಬಡಿಸುವವನು ಬೀಗರ ಮರ್ಯಾದೆಗೆ ಅಂಜಿ ಇನ್ನೊಂದು ಹಾಕುತ್ತಾನೆ. ಅದೂ ಬೆಂದಿರುವುದಿಲ್ಲ. ಅಡುಗೆಯವನು ಸೌಟು ಹಿಡಿದು ಜಗಳಕ್ಕೆ ಬರುತ್ತಾನೆ. ಹಿತ್ತಲಲ್ಲಿ ಕಟ್ಟಿದ ಟಗರು ಎಲ್ಲವನ್ನೂ ನೋಡುತ್ತ ತನ್ನ ಅಭಿಪ್ರಾಯ ಹೇಳುತ್ತಿರುತ್ತದೆ. ಹೀಗೆ ಊರಿಂದೂರಿಗೆ ಸಾಗಿ ಕೊನೆಯ ಪುಟ ಬರುತ್ತದೆ. ಅಲ್ಲಿ ಮಾತಿಲ್ಲ. ಬೀಗ ನಾಲೆ ಏರಿಯ ಮೇಲೆ ನಡೆದು ಮನೆಗೆ ಬರುತ್ತಾನೆ, ಟವೆಲ್ಲು ಬಿಚ್ಚಿ ಅದರೊಳಗಿನ ಎಲೆಪೊಟ್ಟಣವನ್ನು ಹೆಂಡತಿಯ ಮುಂದೆ ಇಡುತ್ತಾನೆ. ಬೆಂದಿಲ್ಲ ಅಂದ ತುಂಡುಗಳೆಲ್ಲ ಅಲ್ಲಿವೆ. ಅವಳು ಒಲೆ ಮುಂದೆ ಕೂತು ತಿನ್ನುತ್ತಾಳೆ, ಅವನು ಗೋಡೆಗೆ ಒರಗಿ ನೋಡುತ್ತಾನೆ.

ಅವನು ನಮ್ಮಪ್ಪ. ಅವಳು ನಮ್ಮವ್ವ. ಟಗರೊಂದು ನಾನು ಸೇರಿಸಿದ್ದು.

ನಮ್ಮ ಕಡೆ ಆಗ ಹೆಂಗಸರ ಪಂಕ್ತಿ ಕೊನೆಗೆ. ಹಿರಿಯರು, ನೆಂಟರು, ಕೆಲಸಕ್ಕೆ ಬಂದವರು, ಹುಡುಗರು ಎಲ್ಲ ಉಂಡೆದ್ದ ಮೇಲೆ ಇವರು ಕೂರುವ ಹೊತ್ತಿಗೆ ಹಂಡೆಯಲ್ಲಿ ಸಾರು ಇರುತ್ತಿತ್ತು, ತುಂಡು ಇರುತ್ತಿರಲಿಲ್ಲ. ಬಡಿಸುವವರು ನಮ್ಮವರಾದರೆ ಕೊನೇ ಪಂಕ್ತಿಯಾದರೂ ಚಿಂತೆಯಿಲ್ಲ ಅಂತ ಗಾದೆ ಇದೆ. ಆ ಗಾದೆ ಕಟ್ಟಿದವನು ಮೊದಲ ಪಂಕ್ತಿಯಲ್ಲಿ ಉಂಡು ಎಲೆಅಡಿಕೆ ಮೆಲ್ಲುತ್ತಿದ್ದ ಗಂಡಸೇ ಇರಬೇಕು. ಅಪ್ಪ ಗಾದೆಯನ್ನು ನಂಬಲಿಲ್ಲ. ಹೊಟ್ಟೆಬಾಕ, ಜಗಳಗಂಟ ಅನ್ನಿಸಿಕೊಂಡ, ಅವ್ವನಿಗೆ ತುಂಡು ತಂದ. ಅವನ ತಿಥಿಯ ದಿನ ಉಣ್ಣಲು ಬಂದ ಪರವೂರಿನವರೇ ಆ ಹೆಸರು ಹೇಳಿ ನಕ್ಕಿದ್ದು ನನ್ನ ಕಿವಿಗೆ ಬಿತ್ತು. ಆವತ್ತೇ ತೀರ್ಮಾನ ಮಾಡಿದೆ, ಇವನನ್ನು ನಾನು ಬರೆಯುತ್ತೇನೆ, ನಗುವವರು ಕೊನೆಯ ಪುಟದವರೆಗೂ ನಗಲಿ ಅಂತ.

ಆಮೇಲೆ ಸಿನಿಮಾದವರು ಬಂದರು. ಒಳ್ಳೆ ಹುಡುಗರು, ಸುಳ್ಳು ಹೇಳಬಾರದು. ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡಿದ್ದರು. ನಮ್ಮ ಸೀಮೆಯ ಮಾತನ್ನು ಹಾಗೇ ಇಡುತ್ತೇವೆ ಅಂದರು, ಇಟ್ಟರು ಕೂಡ. ಕಾಗದಕ್ಕೆ ಸಹಿ ಹಾಕಿದೆ. ಶೂಟಿಂಗು ಮುಗಿಯುವ ಹೊತ್ತಿಗೆ ನಿರ್ದೇಶಕ ಫೋನು ಮಾಡಿ ಕೊನೆಯ ಪುಟ ತೆಗೆದಿದ್ದೇವೆ ಅಂದ.

"ಎಂಡಲ್ಲಿ ಡೌನ್ ಆಗುತ್ತೆ ಮೇಡಂ. ಜನ ನಗ್ತಾ ಎದ್ದು ಹೋಗ್ಬೇಕು."

ಜಗಳವಾಡಿದೆ. ಆ ಪುಟವಿಲ್ಲದಿದ್ದರೆ ಅವನು ಬರೀ ತಿಂಡಿಪೋತ ಆಗುತ್ತಾನೆ ಅಂದೆ. ಆದರೆ ಬದಲಾಯಿಸುವ ಅಧಿಕಾರವನ್ನು ನನ್ನ ಸಹಿಯೇ ಕೊಟ್ಟಾಗಿತ್ತು. ಸಿನಿಮಾದಲ್ಲಿ ಬೀಗ ಕೊನೆಗೆ ಕಾಲು ಜಾರಿ ಸಾರಿನ ಹಂಡೆಗೆ ಬೀಳುತ್ತಾನೆ, ಅಡುಗೆಯವನು ಬಗ್ಗಿ ನೋಡಿ "ಈಗ ಬೆಂತು" ಅನ್ನುತ್ತಾನೆ, ಮುಗಿಯಿತು. ನರಸೀಪುರದ ಟಾಕೀಸಿನಲ್ಲಿ ಆ ಜಾಗಕ್ಕೆ ಶಿಳ್ಳೆ ಬಿತ್ತು. ಸುಳ್ಳು ಯಾಕೆ, ನನಗೂ ನಗು ಬಂತು. ಬಂದ ಮೇಲೆ ಮೈಯೆಲ್ಲ ಉರಿಯಿತು.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅನ್ನುತ್ತಾರೆ. ನೋಟ ನೋಡಿದವರೆಲ್ಲ ಅಭಿಪ್ರಾಯವನ್ನು ತಂದು ನನ್ನ ಮನೆ ಬಾಗಿಲಿಗೇ ಸುರಿದರು. ನನ್ನ ಕ್ಲಾಸಿನ ಮಕ್ಕಳಿಗೆ ಒಂದೇ ದುಃಖ, ಪುಸ್ತಕದಲ್ಲಿ ಮಾತಾಡುವ ಟಗರು ಸಿನಿಮಾದಲ್ಲಿ ಬರೀ ಬ್ಯಾ ಅಂದಿತು. ಫೋನಿನಲ್ಲಿ ವಿಮರ್ಶೆ ಮಾಡುವ ಕಪ್ಪು ಕನ್ನಡಕದ ಹುಡುಗನೊಬ್ಬ, ಮೊದಲರ್ಧ ಪರವಾಗಿಲ್ಲ, ಎರಡನೆಯರ್ಧ ಎಳೆದಿದ್ದಾರೆ, ಕಾಮಿಕ್ಸ್ ಓದಿದವರಿಗೆ ನಿರಾಸೆ ಅಂದ. ಅವನು ಕಾಮಿಕ್ಸ್ ಓದಿರಲಿಲ್ಲ ಅನ್ನುವುದಕ್ಕೆ ನಾನು ಬೇಕಾದರೆ ಕರ್ಪೂರ ಹಚ್ಚುತ್ತೇನೆ. ಕೆಳಗೆ ಯಾರೋ, ಹಳ್ಳಿಯವರನ್ನು ತಿನ್ನಲು ಹುಟ್ಟಿದವರ ಹಾಗೆ ತೋರಿಸಿದ್ದಾರೆ ಅಂತ ಬೈದಿದ್ದರು. ಅವರ ಕೆಳಗೆ ಇನ್ನೊಬ್ಬರು, ಹೌದು ನಾವು ತಿನ್ನುತ್ತೇವೆ, ನಿಮಗೇನು ಕಷ್ಟ ಅಂತ. ನಮ್ಮೂರ ಡೇರಿಯಲ್ಲಿ ಬೆಳಗ್ಗೆ ಹಾಲು ಹಾಕಲು ಕ್ಯಾನು ಹಿಡಿದು ನಿಂತವರು ಮಾತ್ರ ಹಾಲಿನ ಹಾಗೇ ಅದನ್ನೂ ಅಳೆದು ಹೇಳಿದ್ದರು, ಡಿಗ್ರಿ ಕಮ್ಮಿ, ನೀರು ಜಾಸ್ತಿ ಅಂತ. ನಾನು ಓದಿದ, ಕೇಳಿದ ವಿಮರ್ಶೆಗಳಲ್ಲಿ ನಾನು ಒಪ್ಪಿದ್ದು ಅದೊಂದನ್ನೇ.

ಇನ್ನೊಂದು ಬಗೆಯ ಅಭಿಪ್ರಾಯವಿತ್ತು, ಅದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಆ ಬೀಗ ಯಾರು ಅನ್ನುವುದು. ತಗಡೂರಿನ ಸಹೋದ್ಯೋಗಿಯೊಬ್ಬರು ನಮ್ಮ ಸೋದರಮಾವನನ್ನು ನೀವು ಯಾವಾಗ ನೋಡಿದಿರಿ ಅಂತ ಕೇಳಿದರು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ನಮ್ಮ ಭಾವನೇ ಅದು ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಎರಡು ತಾಲ್ಲೂಕಿನ ಗಂಡಸರೂ ಹೆಗಲು ಮುಟ್ಟಿ ನೋಡಿಕೊಂಡರು. ನಮ್ಮಪ್ಪನನ್ನು ಕಂಡಿದ್ದ ನಮ್ಮೂರಿನವರು ಮಾತ್ರ ಅವನನ್ನು ಗುರುತು ಹಿಡಿಯಲಿಲ್ಲ.

ಕೊನೆಯ ಪುಟವನ್ನು ಮೊದಲು ಅರ್ಥ ಮಾಡಿಕೊಂಡದ್ದು ನಂಜನಗೂಡಿನ ನಮ್ಮ ಪಕ್ಕದ ಮನೆಯ ಅಜ್ಜಿ. ದೇವಸ್ಥಾನದ ಕೈಂಕರ್ಯದ ಮನೆತನ, ಈರುಳ್ಳಿಯನ್ನೂ ಮುಟ್ಟದವರು. ಬೀದಿಯೆಲ್ಲ ಸಿನಿಮಾ ಮಾತಾಡುವುದನ್ನು ಕೇಳಿ ಪುಸ್ತಕ ಇಸಿದುಕೊಂಡು ಹೋದರು. ಬಾಡಿನ ಕಥೆ, ಮುಗಿಯಿತು ನನ್ನ ಕತೆ ಅಂದುಕೊಂಡಿದ್ದೆ. ಹಿಂದಿರುಗಿಸಲು ಬಂದವರು ಜಗಲಿಯ ಮೇಲೆ ಕೂತು ಕೊನೆಯ ಪುಟ ತೆಗೆದರು.

"ಇದು ನಮ್ಮನೆ ಕಥೆನೇ ಕಣಮ್ಮ. ನಮ್ಮಲ್ಲಿ ತುಂಡಲ್ಲ, ಹೋಳಿಗೆ. ತಂದುಕೊಡೋರು ಇರ್ಲಿಲ್ಲ, ಅಷ್ಟೆ."

ಅಷ್ಟು ಹೇಳಿ ಎದ್ದು ಹೋದರು. ಆವತ್ತು ಸ್ವಲ್ಪ ಸಮಾಧಾನವಾಯಿತು. ಆದರೆ ಅದೇ ವಾರ ಚಿಕ್ಕಯ್ಯನಛತ್ರದಿಂದ ಸುದ್ದಿ ಬಂತು.

ನನ್ನ ಅಣ್ಣನ ಮಗಳು ನನ್ನ ಜೊತೆಯಲ್ಲೇ ಇದ್ದುಕೊಂಡು ನಂಜನಗೂಡಿನ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಚಿಕ್ಕಯ್ಯನಛತ್ರದ ಹುಡುಗನೊಬ್ಬನನ್ನು ಒಪ್ಪಿದ್ದಳು. ಹುಡುಗ ನಯವಾದವನು, ಎರಡು ಮನೆಯವರೂ ಒಪ್ಪಿ, ವೀಳ್ಯ ಬದಲಾಯಿಸಿ ನಿಶ್ಚಯ ಮಾಡುವುದೊಂದು ಬಾಕಿ ಇತ್ತು. ಆ ಮನೆಯಲ್ಲಿ ಹುಡುಗನ ದೊಡ್ಡಪ್ಪನ ಮಾತೇ ಕೊನೆ. ಅವರಿಗೆ ಗುಂಗುರು ಮೀಸೆ ಇತ್ತು, ಹೆಗಲಿಗೆ ಟವೆಲ್ಲಿತ್ತು, ಬೀಗರೂಟಗಳಲ್ಲಿ ಉಪ್ಪು ಖಾರ ನೋಡಿ ಹೇಳುವ ಅಭ್ಯಾಸವೂ ಇತ್ತು. ಸಿನಿಮಾ ಬಂದ ಮೇಲೆ ಬಸ್ ಸ್ಟ್ಯಾಂಡಿನ ಹುಡುಗರು ಅವರನ್ನು ಕಂಡಾಗಲೆಲ್ಲ "ಇನ್ನೊಂದ್ ಆಕು" ಅಂತ ಕೂಗಲು ಶುರುಮಾಡಿದ್ದರು. ಹುಡುಗಿಯ ಸೋದರತ್ತೆಯಾದ ನಾನು ಅವರ ಮನೆ ನೋಡಲು ಹೋಗಿದ್ದಾಗ ಅವರನ್ನು ಅಳೆದುಕೊಂಡು ಬಂದು ಬರೆದಿದ್ದೇನೆ ಅಂತ ಅವರು ತೀರ್ಮಾನಿಸಿದರು. ಪುಸ್ತಕ ಅಚ್ಚಾದಾಗ ಈ ಸಂಬಂಧದ ಸುಳಿವೇ ಇರಲಿಲ್ಲ ಅನ್ನುವುದು ಅವರಿಗೆ ಬೇಡವಾಗಿತ್ತು. ಎಲ್ಲರ ಮುಂದೆ ತಪ್ಪಾಯಿತು ಅನ್ನಬೇಕು, ಅದನ್ನು ಫೋನಿನಲ್ಲಿ ಹಿಡಿದು ಊರ ಗ್ರೂಪಿಗೆ ಹಾಕಬೇಕು, ಇಲ್ಲದಿದ್ದರೆ ವೀಳ್ಯ ಇಲ್ಲ. ಇದು ಅವರು ಕಳಿಸಿದ ಮಾತು.

ಅಣ್ಣ ಮಾರನೆಯ ಬೆಳಗ್ಗೆಯೇ ಬಸ್ಸು ಹತ್ತಿ ಬಂದ. ಒಂದು ಮಾತು ತಾನೆ, ಅಂದುಬಿಡು ಅಂದ. ಹಾಗಾದರೆ ಅದು ಅಪ್ಪ ಅಂತ ನಿಜ ಹೇಳಿಬಿಡುತ್ತೇನೆ ಅಂದೆ. ಅಣ್ಣ ಕಾಫಿ ಲೋಟ ಕೆಳಗಿಟ್ಟ.

"ಬೀಗರ ಮುಂದೆ ನಮ್ಮಪ್ಪ ತುಂಡ್ ಕಟ್ಕಂಡ್ ಬತ್ತಿದ್ದ ಅಂತ ಏಳ್ಕಂಡ್ರೆ ನಮ್ಗೇನ್ ಬೆಲೆ ಉಳೀತದೆ? ಅದ್ನ ಮಾತ್ರ ಎತ್ಬೇಡ ಕಣವ್ವ."

ಅವನಿಗೆ ಅಪ್ಪ ಅಂದರೆ ಪ್ರಾಣ. ಆದರೆ ಅವನ ಅಪ್ಪ ಫೋಟೋದಲ್ಲಿ ಹೂವಿನ ಹಾರ ಹಾಕಿಕೊಂಡು ಕೂತವನು. ನನ್ನ ಅಪ್ಪ ಟವೆಲ್ಲಿನಲ್ಲಿ ಸಾರಿನ ಕಲೆ ಇದ್ದವನು.

ಅಣ್ಣನ ಮಗಳು ಆವತ್ತು ಊಟ ಮಾಡಲಿಲ್ಲ. ಸಂಜೆ ನಾನು ಅವಳಿಗೆ ಪುಸ್ತಕ ತೆಗೆದು ಕೊನೆಯ ಪುಟ ತೋರಿಸಿ, ಇದು ನಿಮ್ಮ ತಾತ ಅಂದೆ. ನಾನು ತಪ್ಪಾಯಿತು ಅಂದರೆ ಈ ಮನುಷ್ಯನನ್ನು ಬರೆದದ್ದೇ ತಪ್ಪು ಅಂದ ಹಾಗೆ, ಅದು ನನ್ನ ಬಾಯಲ್ಲಿ ಬರುವುದಿಲ್ಲ ಅಂದೆ. ಅವಳು ಆ ಪುಟವನ್ನು ನೋಡಿದಳು, ನನ್ನನ್ನು ನೋಡಿದಳು.

"ನಿಂಗೆ ಸತ್ತೋಗಿರೋ ತಾತ ಮುಖ್ಯ. ನಾನಲ್ಲ."

ಹಟಮಾರಿಗಳಿಗೆ ನೋವಾಗುವುದಿಲ್ಲ ಅಂತ ಜನ ತಿಳಿದಿದ್ದಾರೆ. ಆ ರಾತ್ರಿ ನಾನೂ ಉಣ್ಣಲಿಲ್ಲ. ಆದರೂ ಬೆಳಗ್ಗೆ ಎದ್ದಾಗ ನನ್ನ ಮಾತು ಹಿಂದಿನ ದಿನ ಎಲ್ಲಿತ್ತೋ ಅಲ್ಲೇ ಇತ್ತು. ಅವಳ ಮದುವೆ ಒಂದು ಸುಳ್ಳಿನ ಮೇಲೆ ನಿಂತರೆ, ಆ ಮನೆಯಲ್ಲಿ ಅವಳೂ ಕೊನೇ ಪಂಕ್ತಿಯಲ್ಲೇ ಕೂರಬೇಕಾಗುತ್ತದೆ ಅನ್ನಿಸಿತು. ಇದನ್ನು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಇನ್ನಷ್ಟು ಸಿಟ್ಟಾಗುತ್ತಿದ್ದಳು.

ಮಾತುಕತೆ ನಮ್ಮೂರ ಮನೆಯಲ್ಲಿ ಅಂತ ಆಯಿತು. ಭಾನುವಾರ ಬೆಳಗ್ಗೆ ಹುಡುಗನ ದೊಡ್ಡಪ್ಪ, ದೊಡ್ಡಮ್ಮ, ತಂದೆ, ಹುಡುಗ ಬಂದರು. ಗಂಡಸರು ನಡುಮನೆಯ ಕುರ್ಚಿಗಳಲ್ಲಿ ಕೂತರು, ದೊಡ್ಡಮ್ಮ ಚಾಪೆಯ ಮೇಲೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಕಾಲು ನೀಡಿಕೊಂಡು ಕೂತಿದ್ದಳು. ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ. ಸಿನಿಮಾವನ್ನು ಮೊಮ್ಮಗಳ ಫೋನಿನಲ್ಲಿ ನೋಡಿದ್ದಳು. ನೋಡಿ ಏನೂ ಹೇಳದೆ ಎಮ್ಮೆಗೆ ಹುಲ್ಲು ಹಾಕಲು ಎದ್ದು ಹೋಗಿದ್ದಳು. ಇಷ್ಟು ಜನರ ಅಭಿಪ್ರಾಯದಲ್ಲಿ ನನಗೆ ಬೇಕಾಗಿದ್ದು ಅವಳೊಬ್ಬಳದು, ಅದೇ ಸಿಕ್ಕಿರಲಿಲ್ಲ.

ಕಾಫಿ ಆಯಿತು. ಮಳೆ, ಬೆಳೆ, ನಾಲೆ ನೀರು ಎಲ್ಲ ಆಯಿತು. ಅವರನ್ನು ಕಾರಿನಲ್ಲಿ ಕರೆತಂದಿದ್ದ ಡ್ರೈವರ್ ಕೈಗೆ ದೊಡ್ಡಪ್ಪ ತಮ್ಮ ಫೋನು ಕೊಟ್ಟು ವಿಡಿಯೊ ಹಿಡಿಯಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. ಬಯ್ಯುತ್ತಾರೆ ಅಂದುಕೊಂಡಿದ್ದೆ. ಆದರೆ ಅವರ ದನಿ ಒಡೆದಿತ್ತು.

"ನನ್ ಮೀಸೆ, ನನ್ ಟವೆಲ್ಲು, ನನ್ ಮಾತು. ನಂಗೇನ್ ಉಳಿಸಿದ್ದೀಯವ್ವ? ಬಸ್ಟ್ಯಾಂಡಲ್ಲಿ ನಿಂತ್ಕಳಂಗಿಲ್ಲ ನಾನು."

ಆ ಕ್ಷಣಕ್ಕೆ ಅವರ ಮೇಲೆ ಮರುಕ ಬಂತು. ಮರುಕ ಬಂದರೆ ತಪ್ಪಾಯಿತು ಅನ್ನುವುದು ಸುಲಭ. ಅಣ್ಣ ನನ್ನನ್ನೇ ನೋಡುತ್ತಿದ್ದ. ಅವನ ಮಗಳು ಒಳಗೆ ತಟ್ಟೆಯಲ್ಲಿ ಎಲೆಅಡಿಕೆ ಜೋಡಿಸುತ್ತ ಕಿವಿ ಇಲ್ಲಿಟ್ಟಿದ್ದಳು.

"ಹುಡುಗರು ಕೂಗಿದ್ದಕ್ಕೆ ನಂಗೂ ಬೇಜಾರಾಗಿದೆ. ಆದ್ರೆ ನಿಮ್ಮನ್ನ ನಾನು ಬರ್ದಿಲ್ಲ, ಅದು ನಮ್ಮಪ್ಪ. ಅವನನ್ನ ಬರ್ದಿದ್ದು ತಪ್ಪು ಅಂತ ನಾನು ಅನ್ನಲ್ಲ, ನೀವು ವೀಳ್ಯ ಮುಟ್ಟದೆ ಎದ್ದು ಹೋದ್ರೂ ಅನ್ನಲ್ಲ."

ಆಮೇಲೆ ಎಲ್ಲವನ್ನೂ ಹೇಳಿದೆ. ಪಂಕ್ತಿ, ಟವೆಲ್ಲು, ಎಲೆಪೊಟ್ಟಣ, ಸಿನಿಮಾದವರು ಬಿಟ್ಟ ಪುಟ. ಅಣ್ಣ ತಲೆ ತಗ್ಗಿಸಿಬಿಟ್ಟ. ಹುಡುಗನ ತಂದೆ ಗೋಡೆಯ ಮೇಲಿದ್ದ ಅಪ್ಪನ ಫೋಟೋ ನೋಡಿದರು. ದೊಡ್ಡಪ್ಪ ಸುಮ್ಮನಾಗಲಿಲ್ಲ. ಪಂಕ್ತಿಯಲ್ಲಿ ಕೂತ ಗಂಡಸು ಹೆಂಡತಿಗೆ ಅಂತ ತುಂಡು ಕಟ್ಟಿಕೊಂಡು ಹೋಗುವುದು ಮಾನವಂತರ ಲಕ್ಷಣವಾ, ಅದನ್ನು ಮಗಳು ಊರಿಗೆಲ್ಲ ಸಾರುವುದು ಬೇರೆಯಾ ಅಂದರು.

ಅಡುಗೆಮನೆಯ ಬಾಗಿಲಿಂದ ಅವ್ವ ಮಾತಾಡಿದಳು. ಅವಳಿಗೆ ಇಷ್ಟೆಲ್ಲ ಕೇಳಿಸಿದೆ ಅಂತ ನಾವು ಯಾರೂ ತಿಳಿದಿರಲಿಲ್ಲ.

"ತಂದ್ರು ಕಣಪ್ಪ ನಮ್ಮೆಜಮಾನ್ರು. ನಾನ್ ತಿಂದೆ. ಬಸುರೀಲಿ ತಿಂದೆ, ಬಾಣಂತೀಲಿ ತಿಂದೆ. ಆ ಸಿನಿಮಾದಲ್ಲಿ ಅವ್ರು ಟವೆಲ್ಲೇ ಬಿಚ್ನಿಲ್ಲ. ಅದೇನ್ ಸಿನಿಮಾನೋ." ಆಮೇಲೆ ದೊಡ್ಡಪ್ಪನ ಕಡೆ ತಿರುಗಿ ಕೇಳಿದಳು, "ನಿಮ್ಮನೆ ಎಂಗಸ್ರು ಕೊನೇ ಪಂಕ್ತೀಲಿ ಏನ್ ಉಂಡ್ರು ಅಂತ ಯಾವತ್ತಾರ ಕೇಳಿದ್ದೀರಾ?"

ದೊಡ್ಡಪ್ಪ ಬಾಯಿ ತೆರೆದರು. ಅವರಿಗಿಂತ ಮೊದಲು ಚಾಪೆಯ ಮೇಲಿನಿಂದ ಉತ್ತರ ಬಂತು. ಬಂದಾಗಿನಿಂದ ಒಂದು ಮಾತೂ ಆಡದೆ ಕೂತಿದ್ದ ಅವರ ಹೆಂಡತಿ ಸೆರಗನ್ನು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದರು.

"ಸಾರು. ಬರೀ ಸಾರು."

ದೊಡ್ಡಪ್ಪ ಹೆಂಡತಿಯ ಕಡೆ ತಿರುಗಿ ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಿಟ್ಟಿರಲಿಲ್ಲ ಅದರಲ್ಲಿ. ಇಷ್ಟು ವರ್ಷದ ಊಟಗಳನ್ನು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದ ಹಾಗಿತ್ತು. ಡ್ರೈವರ್ ಫೋನು ಹಿಡಿದುಕೊಂಡೇ ನಿಂತಿದ್ದ. ಅದನ್ನು ಕೆಳಗಿಳಿಸು ಅಂತ ಅವರೇ ಕೈ ಮಾಡಿದರು. ಆಗ ಅಣ್ಣನ ಮಗಳು ತಟ್ಟೆ ಹಿಡಿದು ಹೊರಗೆ ಬಂದಳು. ಅವಳ ಕಣ್ಣು ಕೆಂಪಗಿತ್ತು. ತಟ್ಟೆಯನ್ನು ಅವರ ಮುಂದೆ ಇಡುವ ಮೊದಲು, ಬೀಗರೂಟ ನಮ್ಮ ಮನೆಯಲ್ಲಿ, ಮೊದಲ ಪಂಕ್ತಿ ಎರಡೂ ಕಡೆಯ ಹೆಂಗಸರದು, ಅದಕ್ಕೆ ಒಪ್ಪಿದರೆ ಮಾತ್ರ ವೀಳ್ಯ ಅಂದಳು. ಹುಡುಗ ತಕ್ಷಣ ಹೂಂ ಅಂದ. ಅವನ ತಂದೆ ಅಣ್ಣನ ಮುಖ ನೋಡಿದರು, ಇಬ್ಬರೂ ಸೇರಿ ದೊಡ್ಡಪ್ಪನ ಮುಖ ನೋಡಿದರು. ಅವಳು ಹಿಡಿದ ತಟ್ಟೆಗೆ ದೊಡ್ಡಪ್ಪ ಕೈ ಚಾಚಿದರು. ವೀಳ್ಯದೆಲೆಯೊಂದನ್ನು ಕೈಗೆತ್ತಿಕೊಂಡು ಅದರ ತೊಟ್ಟು ಮುರಿದರು.

ನಾನು ತಪ್ಪಾಯಿತು ಅನ್ನಲಿಲ್ಲ. ಅವರೂ ಪರವಾಗಿಲ್ಲ ಅನ್ನಲಿಲ್ಲ. ಅಣ್ಣ ಮದುವೆ ಕೆಲಸಗಳಲ್ಲಿ ನನ್ನನ್ನು ಮಾತಾಡಿಸಿದ್ದು ಹೂ, ಬಾಳೆಎಲೆಯ ವಿಷಯಕ್ಕೆ ಮಾತ್ರ. ಸಿನಿಮಾ ಇವತ್ತಿಗೂ ಫೋನುಗಳಲ್ಲಿ ಓಡುತ್ತಿದೆ, ಹಂಡೆಗೆ ಬೀಳುವ ಬೀಗನನ್ನು ನೋಡಿ ಜನ ನಗುತ್ತಿದ್ದಾರೆ, ಕೆಳಗೆ ಅಭಿಪ್ರಾಯಗಳು ಬೀಳುತ್ತಲೇ ಇವೆ. ನಾನು ಈಗ ಓದುವುದಿಲ್ಲ. ಬೈದವರಿಗೆ ನನ್ನದೊಂದೇ ಉತ್ತರ, ಪುಸ್ತಕದ ಕೊನೆಯ ಪುಟ ನೋಡಿ ಬನ್ನಿ, ಆಮೇಲೆ ಬೈಯಿರಿ.

ಬೀಗರೂಟದ ದಿನ ನಮ್ಮನೆ ಮುಂದಿನ ಚಪ್ಪರದಲ್ಲಿ ಮೊದಲ ಪಂಕ್ತಿಗೆ ಹೆಂಗಸರು ಕೂತರು. ಹಳೆಯ ಅಭ್ಯಾಸಕ್ಕೆ ಕೆಲವರು ಎದ್ದು ಬಡಿಸಲು ಹೊರಟರು, ಅಣ್ಣನ ಮಗಳು ಸೆರಗು ಹಿಡಿದು ಎಳೆದು ಕೂರಿಸಿದಳು. ಮೊದಲ ಎಲೆ ಅವ್ವನದು. ಅವಳ ಪಕ್ಕ ಹುಡುಗನ ದೊಡ್ಡಮ್ಮ, ಅವರ ಪಕ್ಕ ನಾನು. ಕಾಯುತ್ತ ನಿಂತ ಗಂಡಸರಿಗೆ ಬೇರೆ ದಾರಿಯಿರಲಿಲ್ಲ, ಬಕೆಟ್ಟು ಹಿಡಿದು ಬಡಿಸಲು ಬಂದರು. ಬಾಡಿನ ಬಕೆಟ್ಟು ದೊಡ್ಡಪ್ಪನ ಕೈಗೆ ಬಂದಿತ್ತು. ಹೆಗಲ ಟವೆಲ್ಲನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದರು. ಅವ್ವನ ಎಲೆಗೆ ಹಾಕಿದರು. ಹೆಂಡತಿಯ ಎಲೆಗೆ ಹಾಕಿ ನನ್ನ ಕಡೆ ಸೌಟು ಚಾಚಿದರು.

ದೊಡ್ಡಮ್ಮ ತುಂಡನ್ನು ಎತ್ತಿದರು. ತಿರುಗಿಸಿದರು. ಬೆಳಕಿಗೆ ಹಿಡಿದು ನೋಡಿದರು.

"ಇದ್ ಬೆಂದಿಲ್ಲ," ಅಂದರು ಗಂಡನಿಗೆ. "ಇನ್ನೊಂದ್ ಆಕಿ."

ತುಂಡು ಬೆಣ್ಣೆಯ ಹಾಗೆ ಬೆಂದಿತ್ತು. ಅದು ಅವರಿಗೆ ಗೊತ್ತಿತ್ತು, ಅವರ ಗಂಡನಿಗೂ ಗೊತ್ತಿತ್ತು. ದೊಡ್ಡಪ್ಪ ಬಕೆಟ್ಟಿನೊಳಗೆ ಸೌಟು ಆಡಿಸಿ, ಹುಡುಕಿ, ಒಳ್ಳೆಯದೊಂದನ್ನು ಎತ್ತಿ ಹಾಕಿದರು.